ಕಡ ಕೊಟ್ಟ ಮಾತ್ರೆ

ಆಮ್ಲೋ… ಆಮ್ಲೋ ಏನೋ, ಮುಂದಿನದು ನೆನಪಾಗುತ್ತಿಲ್ಲ. ನನ್ನ ಬಿ.ಪಿ. ಮಾತ್ರೆಯ ಹೆಸರು. ಅದು ಮುಗಿದು ತಲೆ ಸುತ್ತುತ್ತಿತ್ತು, ಅರಸೀಕೆರೆಯ ಸರ್ಕಾರಿ ಆಸ್ಪತ್ರೆಗೆ ಹೋದೆ.

ಈಗ ಅಲ್ಲಿ ಚೀಟಿಯಿಲ್ಲ, ಎಲ್ಲ ಕಂಪ್ಯೂಟರಿನಲ್ಲೇ. ಔಷಧಿ ಕೊಡುವ ಹುಡುಗಿ ಅದನ್ನು ನೋಡಿ, "ಅಜ್ಜಿ, ನಿಮ್ಮ ಹತ್ರ ಇನ್ನೂ ಹತ್ತು ದಿನದ ಮಾತ್ರೆ ಇರಬೇಕು. ಈಗ್ಲೇ ಕೊಡೋಕೆ ಇದು ಬಿಡಲ್ಲ" ಅಂದಳು.

"ಜಯಮ್ಮಂಗೆ ಕೊಟ್ಟೆ ಕಣಮ್ಮ. ಅವಳದು ಮುಗಿದಿತ್ತು."

"ಮಾತ್ರೆ ಯಾರಾದ್ರೂ ಕಡ ಕೊಡ್ತಾರಾ?"

ಯಾಕೆ ಕೊಡಬಾರದು? ಧಾರವಾಡದ ಕಡೆಯಿಂದ ಮದುವೆಯಾಗಿ ಈ ಗಂಡಸಿ ಊರಿಗೆ ಬಂದಾಗ ಮೊಸರಿಗೆ ಹೆಪ್ಪು ಕೊಟ್ಟವಳು ಪಕ್ಕದ ಮನೆಯ ಜಯಮ್ಮ. ಅಂದಿನಿಂದ ಕಾಫಿಪುಡಿ, ಸೌದೆ, ಈಗ ಮಾತ್ರೆ.

ಹುಡುಗಿ ಡಾಕ್ಟರನ್ನು ಕರೆದಳು. "ಕಾರಣ ಹಾಕ್ಬೇಕು ಅಜ್ಜಿ. ಇಲ್ಲಿರೋದು ಎರಡೇ. ಕಳೆದುಹೋಯ್ತು, ಇಲ್ಲಾ ಹಾಳಾಯ್ತು" ಅಂದರು.

"ಎರಡೂ ಅಲ್ಲ ಡಾಕ್ಟ್ರೇ. ಜಯಮ್ಮನ ಹೊಟ್ಟೇಲಿ ಕ್ಷೇಮವಾಗಿವೆ."

ಅವರು ನಗಲಿಲ್ಲ. "ಅವರದೂ ಇದೇ ಮಾತ್ರೆನಾ?"

"ಇಷ್ಟೇ ಸಣ್ಣದು, ಬೆಳ್ಳಗೆ."

"ಹೆಸರು?"

ನಾನು ಬೆರಳ ತುದಿ ತೋರಿಸಿ ಮತ್ತೆ ಅಳತೆಯನ್ನೇ ಹೇಳಿದೆ. ಡಾಕ್ಟರು 'ಕಳೆದುಹೋಯ್ತು' ಒತ್ತಿ ಮಾತ್ರೆ ಕೊಡಿಸಿದರು. "ಬೇರೆ ಕಾಯಿಲೆಯವರು ನುಂಗಿದ್ರೆ ಕಷ್ಟ. ನಾಳೆನೇ ಅವರನ್ನ ಕರ್ಕೊಂಡು ಬನ್ನಿ" ಅಂದರು.

ಬಸ್ಸಿಳಿದವಳೇ ಪಕ್ಕದ ಮನೆಗೆ ಓಡಿದೆ. ಜಯಮ್ಮ ಜಗಲಿಯ ಮೇಲೆ ಆರಾಮಾಗಿ ಅವರೆಕಾಯಿ ಸುಲಿಯುತ್ತಿದ್ದಳು. ಮಾತ್ರೆ ನುಂಗಿದ್ದಕ್ಕೆ ಏನಾದರೂ ಆಯಿತಾ ಅಂತ ಕೇಳಿದೆ.

"ನಾನೆಲ್ಲಿ ನುಂಗಿದೆ ಕಣೇ? ನಮ್ಮ ಬೀಗಿತ್ತಿ ಬಂದಿದ್ಲು, ಅವಳದೂ ಮುಗಿದಿತ್ತಂತೆ. ಅವಳೂರು ಅರೇಹಳ್ಳಿಗೆ ಕೊಟ್ಟು ಕಳಿಸಿದೆ."

ಅದಕ್ಕೇ ಈಗ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ. "ಪುಟ್ಟಿ, ಈ ಮಾತ್ರೆ ಹೆಸರು ದೊಡ್ಡದಾಗಿ ಬರಿ. ಜಯಮ್ಮನ ಬೀಗಿತ್ತಿಗೆ ಫೋನಿನಲ್ಲಿ ಓದಿ ಹೇಳಬೇಕು. ಅವಳು ಇನ್ಯಾವ ಊರಿಗೆ ಕಳಿಸಿದಾಳೋ, ಆ ಊರಿನ ಹೆಸರಿಗೂ ಕೆಳಗೆ ಸ್ವಲ್ಪ ಜಾಗ ಬಿಡು."