ಆನೆ ಇಷ್ಟ ಎಂದೇ ಬರೆಯಬೇಕಂತೆ

“ಇದನ್ನ ಬದಲಾಯಿಸಿ ಬರ್ಕೊಂಡು ಬಾ, ಇಲ್ಲಾಂದ್ರೆ ಮಾರ್ಕ್ ಇಲ್ಲ” ಎಂದು ಇಂಗ್ಲಿಷ್ ಮಿಸ್ ನನ್ನೆದುರೇ ಮಗಳ ಪ್ರಾಜೆಕ್ಟನ್ನು ಅವಳತ್ತ ತಳ್ಳಿದರು.

ಒಂಬತ್ತನೇ ತರಗತಿಯ ಮಕ್ಕಳು ಇಂಗ್ಲಿಷ್ ಕಥೆಪುಸ್ತಕವೊಂದನ್ನು ಓದಿ ತಮ್ಮ ಅಭಿಪ್ರಾಯ ಬರೆಯಬೇಕಿತ್ತು. ಕಥೆಯಲ್ಲಿ ಹುಡುಗಿಯೊಬ್ಬಳು ಕಾಡಾನೆಯ ಗೆಳತಿಯಾಗುತ್ತಾಳೆ. ನಮ್ಮ ಹೊಲ ಇರುವುದು ಜೀರಹಳ್ಳಿ ಕಾಡಿನ ಅಂಚಿನಲ್ಲಿ. ಆನೆ ಮುಸುಕಿನ ಜೋಳ ತುಳಿದು, ನನ್ನ ಗಂಡನನ್ನು ಅಟ್ಟಿಸಿಕೊಂಡು ಬಂದದ್ದನ್ನು ಕಣ್ಣಾರೆ ಕಂಡ ಮಗಳು, “ಈ ಕಥೆಯನ್ನು ನಾನು ನಂಬುವುದಿಲ್ಲ, ನನಗೆ ಆನೆಯೆಂದರೆ ಭಯ” ಎಂದು ಡಿಕ್ಷನರಿ ನೋಡಿ ನೋಡಿ ತನ್ನದೇ ಇಂಗ್ಲಿಷಿನಲ್ಲಿ ಬರೆದಿದ್ದಳು.

“ನಮ್ ಒಲಕ್ಕೆ ಆನೆ ನುಗ್ಗಿದ್ದು ನಿಜ ಮಿಸ್. ನಿಜ ಬರುದ್ರೆ ತಪ್ಪಾ?” ಎಂದೆ.

“ಇನ್‌ಸ್ಪೆಕ್ಷನ್‌ಗೆ ಬಂದೋರು ನೋಡ್ತಾರಮ್ಮ. ಉಳಿದೋರೆಲ್ಲ ಆನೆ ನಮ್ಮ ಗೆಳೆಯ ಅಂತ ಚೆನ್ನಾಗಿ ಬರ್ದವ್ರೆ” ಎಂದರು. ಮೇಜಿನ ಮೇಲಿದ್ದ ಆ ಪ್ರಾಜೆಕ್ಟುಗಳಲ್ಲೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ ಬಣ್ಣದ ಒಂದೇ ಚಿತ್ರ, ಒಂದೇ ಸಾಲುಗಳು!

ಮಗಳು ಅಳುತ್ತಲೇ ಹೊಸದಾಗಿ ಬರೆದಳು. ಪೂರ್ತಿ ಅಂಕ ಬಂತು.

ಈಗ ಏನು ಬರೆಯಲು ಕೂತರೂ ಅವಳು ಮೊದಲು ನನ್ನನ್ನು ಕೇಳುವುದು, “ಮಿಸ್‌ಗೆ ಯಾವ್ದು ಇಷ್ಟ ಆಯ್ತದವ್ವ?” ಎಂದು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ.