ಭಾವನವರ ದರ್ಬಾರು ಕೋಟು

ಇತಿಹಾಸ ಓದಿ ಮ್ಯೂಸಿಯಂ ಸೇರುತ್ತೇನೆ ಎನ್ನುವ ಮಗಳನ್ನು, ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ಹೆಂಡತಿಯ ಅಣ್ಣನ ಮುಂದೆ ತೀರ್ಪಿಗೆ ನಿಲ್ಲಿಸಿದೆವು. ಅರಮನೆ ನೌಕರಿಯಿಂದ ನಿವೃತ್ತರಾದ ಭಾವ ತಮ್ಮ ರೇಷ್ಮೆಯ ದರ್ಬಾರು ಕೋಟನ್ನು ಅಂಗಳದ ಬಿಸಿಲಿಗೆ ಹರವುತ್ತಿದ್ದರು.

"ಹಳೇ ಸಾಮಾನು ಕಾಯೋದೂ ಒಂದು ಕೆಲಸವೇನಮ್ಮ? ಅದು ಅನ್ನ ಹಾಕುತ್ತಾ? ಸುಮ್ನೆ ಸೈನ್ಸ್ ತಗೊಂಡ್ಬುಡು."

"ಮಾವ, ಮೊದಲು ಕೋಟನ್ನ ನೆರಳಿಗೆ ಹಾಕಿ. ಬಿಸಿಲಿಗೆ ರೇಷ್ಮೆ ಸೀಳಿಹೋಗುತ್ತೆ," ಎಂದಳು ಮಗಳು.

ಭಾವ ಗಾಬರಿಯಿಂದ ಕೋಟನ್ನು ಎದೆಗವಚಿಕೊಂಡು ಒಳಗೋಡಿದರು. ಹೇಗೆ ಮಡಿಸುವುದೆಂದು ಅವಳನ್ನೇ ಕೇಳಿದರು. ಆಮೇಲೆ ನನ್ನತ್ತ ತಿರುಗಿದರು: "ಸೈನ್ಸೇ ಸೇರ್ಸಿ ಕಣ್ರೀ. ಭಾನುವಾರ ಮಾತ್ರ ಇವಳನ್ನ ಇಲ್ಲಿಗೆ ಕಳ್ಸಿ, ಪೇಟಾನೂ ನೋಡ್ಬೇಕು."

ಅಂತೂ ಮಗಳಿಗೆ ಮ್ಯೂಸಿಯಂ ಕೆಲಸ ಸಿಕ್ಕಿತು. ಸಂಬಳವಿಲ್ಲ, ಪ್ರದರ್ಶನದ ವಸ್ತುವೇ ಬುದ್ಧಿವಾದ ಹೇಳುತ್ತದೆ.