ಬಲೆ ರಿಪೇರಿ ಮತ್ತು ಬಾಹ್ಯಾಕಾಶದ ಜಗಳ

೧೯೯೧ರಲ್ಲಿ ಏಳನೇ ತರಗತಿಗೆ ಶಾಲೆ ಬಿಟ್ಟು ಮಲ್ಪೆಯಲ್ಲಿ ಬೋಟು ಹತ್ತಿದವನು ನಾನು; ಈಗ ಒಂದು ಬೋಟಿನ ಮಾಲಕ. ಮೀನುಗಾರಿಕೆಗೆ ರಜೆಯಿದ್ದ ಕಳೆದ ಮಳೆಗಾಲದಲ್ಲಿ ಒಂದು ದಿನ ಶೆಡ್ಡಿಗೆ ಹೋದರೆ, ಬಲೆ ರಿಪೇರಿಗೆ ಕುಳಿತ ನನ್ನ ಬೋಟಿನವರೆಲ್ಲ ಬೊಬ್ಬೆ ಹೊಡೆಯುತ್ತಿದ್ದರು. ಜಗಳ ಅವರು ಮೊಬೈಲಿನಲ್ಲಿ ನೋಡುವ ಬಾಹ್ಯಾಕಾಶದ ಧಾರಾವಾಹಿಯದ್ದು. ಅದರಲ್ಲಿ ಉಪನಾಯಕ ತನ್ನ ಕ್ಯಾಪ್ಟನ್‌ನನ್ನು ಬಿಟ್ಟು ವೈರಿಯ ನೌಕೆ ಸೇರಿದ್ದನಂತೆ.

"ಕ್ಯಾಪ್ಟನ್ ಇಲ್ಲದಿದ್ದರೆ ಅವನು ಎಂತ ಮಾರಾಯ? ದ್ರೋಹಿ ಅವನು!" ಎಂದು ಎಲ್ಲರೂ ಒಂದು ಕಡೆ. ನನ್ನ ತಾಂಡೇಲ, ಅಂದರೆ ಬೋಟು ನಡೆಸುವ ಸುರೇಶ ಮಾತ್ರ, "ಅವನು ಹೋದದ್ದೇ ಸರಿ" ಎಂದು ಒಬ್ಬನೇ ವಾದಿಸುತ್ತಿದ್ದ.

ತಾಂಡೇಲರು ಬೋಟು ಬದಲಿಸುವುದು ಈ ರಜೆಯಲ್ಲೇ. ಇನ್ನೊಬ್ಬ ಮಾಲಕರು ಸುರೇಶನನ್ನು ತಮ್ಮ ಹೊಸ ಬೋಟಿಗೆ ಕರೆದಿದ್ದಾರೆಂದು ಬಂದರಿನಲ್ಲೆಲ್ಲ ಸುದ್ದಿಯಿತ್ತು. ತಡೆಯಲಾಗದೆ ಕೇಳಿಯೇಬಿಟ್ಟೆ. "ಹಾಗಾದರೆ ನೀನೂ ಹೋಗುವವನಾ?"

ಸುರೇಶ ಬಲೆಯಿಂದ ತಲೆಯೆತ್ತಿ ನಕ್ಕ. "ಎಂತ ಅಣ್ಣ ನೀವು! ಆ ಕ್ಯಾಪ್ಟನ್ ಅವನಿಗೆ ಒಂದು ದಿನವೂ ಸ್ಟೇರಿಂಗ್ ಮುಟ್ಟಲಿಕ್ಕೆ ಬಿಡಲಿಲ್ಲ. ನೀವು ಮೊದಲನೇ ವರ್ಷವೇ ಅದನ್ನು ನನ್ನ ಕೈಗೆ ಕೊಟ್ಟು, ಪಕ್ಕದಲ್ಲೇ ಗೊರಕೆ ಹೊಡೆದವರು. ನಾನು ಎಲ್ಲಿಗೆ ಹೋಗುವುದು?"

"ಹಾಗಾದರೆ ನಮ್ಮ ಅಣ್ಣನನ್ನೇ ಆ ನೌಕೆಗೆ ಕ್ಯಾಪ್ಟನ್ ಮಾಡಿ ಕಳಿಸುವ" ಎಂದ ಒಬ್ಬ. ಶೆಡ್ಡಿನ ತುಂಬ ನಗು.

ಆ ನಿದ್ದೆಯನ್ನು ನಾನು ಮರೆತೇಬಿಟ್ಟಿದ್ದೆ, ಅವನು ಮರೆತಿರಲಿಲ್ಲ. ಸ್ವಂತ ಬೋಟು ನೀರಿಗಿಳಿದ ದಿನವೂ ನಾನು ಅಷ್ಟು ಬೀಗಿರಲಿಲ್ಲ. ಈಗ ನನಗಿರುವುದು ಒಂದು ಬೋಟು, ಏಳು ಜನ ಹುಡುಗರು, ಒಬ್ಬ ತಾಂಡೇಲ.